ಕುಟುಂಬಗಳ ಸಾಲ ಮತ್ತು ಆರ್ಥಿಕ ಹಿಂಜರಿತ: ಒಂದು ವಾದದ ಪರಿಶೀಲನೆ

ಒಬ್ಬರ ಸಾಲವು ಮತ್ತೊಬ್ಬರ ಆಸ್ತಿ. ದೇಶವನ್ನು ಇಡಿಯಾಗಿ ಪರಿಗಣಿಸಿದರೆ ಎರಡೂ ಸರಿಹೋಗುತ್ತವೆ. ಆದುದರಿಂದ ಕುಟುಂಬಗಳ ಸಾಲ ಎಷ್ಟೇ ಬೆಳೆದರೂ ಅದು ಆರ್ಥಿಕ ಹಿಂಜರಿತಕ್ಕೆ ಕಾರಣವಾಗಲಾರದು. ಅರ್ಥಶಾಸ್ತ್ರದ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುವ ವಾದವಿದು.

ಇದರ ಮೊದಲ ಮಾತು ನಿರ್ವಿವಾದ. ಲೆಕ್ಕಪತ್ರ ಇಡುವ ಯಾವ ವರ್ತಕರೂ ಅದನ್ನು ಅಲ್ಲಗಳೆಯಲಾರರು. ದೋಷವಿರುವುದು ಬಾಯಿಬಿಟ್ಟು ಹೇಳದ ಇನ್ನೊಂದು ಮಾತಿನಲ್ಲಿ: ಸಾಲ ಪಡೆದವರು ಕಡಿತಗೊಳಿಸಿದಷ್ಟೇ ಖರ್ಚನ್ನು ಸಾಲ ನೀಡಿದವರು ಹೆಚ್ಚಿಸುತ್ತಾರೆಂಬ ಊಹೆಯಲ್ಲಿ.

ಅಮೆರಿಕದ ಅನುಭವವನ್ನು ನೋಡೋಣ. ಅಲ್ಲಿನ ಕುಟುಂಬಗಳ ಸಾಲವು 2000ದಿಂದ 2007ರ ಅವಧಿಯಲ್ಲಿ ಇಮ್ಮಡಿಯಾಗಿ ಸುಮಾರು 14 ಲಕ್ಷ ಕೋಟಿ ಡಾಲರ್ ತಲುಪಿತ್ತು. ಎರಡು ಲಕ್ಷ ಡಾಲರ್ ಬೆಲೆಯ ಮನೆಯೊಂದನ್ನು 40,000 ಡಾಲರ್ ಸ್ವಂತ ಹಣ ಹಾಗೂ 1,60,000 ಡಾಲರ್ ಸಾಲದಿಂದ ಕೊಂಡ ಕುಟುಂಬವಿದೆಯೆಂದು ಭಾವಿಸಿ. ಬೆಲೆ ಶೇ. 20ರಷ್ಟು ಕುಸಿದರೆ ಸಾಲದ ಮೊತ್ತ ಒಂದು ಡಾಲರ್ ಕೂಡ ಇಳಿಯದು. ಕುಟುಂಬದ ಸ್ವಂತ ಹಣ ಮಾತ್ರ ಪೂರ್ತಿ ಕರಗಿಹೋಗುತ್ತದೆ. ಆ ಕುಟುಂಬ ಹೊಸ ಕಾರಿನ ಯೋಚನೆಯನ್ನು ಕೈಬಿಡುತ್ತದೆ. ಸಾಲ ನೀಡಿದವರಾದರೋ ಅದರ ಬದಲಿಗೆ ತಾವೊಂದು ಹೆಚ್ಚಿನ ಕಾರನ್ನು ಕೊಳ್ಳುವುದಿಲ್ಲ. 2007ರಲ್ಲಿ ಅಲ್ಲಿ ಸುಮಾರು 1.6 ಕೋಟಿಯಷ್ಟಿದ್ದ ಲಘು ವಾಹನಗಳ ಮಾರಾಟ 2009ರಲ್ಲಿ ಸುಮಾರು 1.04 ಕೋಟಿಗೆ ಇಳಿಯಿತು. ಬಡ್ಡಿ ಇಳಿದರೆ ಹಣವುಳ್ಳವರು ಖರ್ಚಿಗೆ ಮುಂದಾಗುವರೆಂಬ ನಿರೀಕ್ಷೆಯೇನೋ ಇತ್ತು. ಆದರೆ 2008ರ ಡಿಸೆಂಬರ್‌ನಲ್ಲಿ ಫೆಡರಲ್ ರಿಸರ್ವ್ ತನ್ನ ಬಡ್ಡಿ ದರವನ್ನು ಶೂನ್ಯದ ಸಮೀಪಕ್ಕೆ ತಂದ ಮೇಲೆ ಇಳಿಸಲು ಹೆಚ್ಚೇನೂ ಉಳಿದಿರಲಿಲ್ಲ.

ಸಂಪತ್ತಿನ ನಷ್ಟವೇ ಕಾರಣ, ಸಾಲವಲ್ಲ ಎನ್ನಬಹುದಲ್ಲವೇ? 2000ದಿಂದ 2002ರವರೆಗೆ ತಂತ್ರಜ್ಞಾನ ಷೇರುಗಳು ಕುಸಿದಾಗಲೂ ಹಲವು ಲಕ್ಷ ಕೋಟಿ ಡಾಲರ್ ಸಂಪತ್ತು ನಾಶವಾಗಿತ್ತು. ಆದರೂ 2001ರ ಹಿಂಜರಿತ ಮಾರ್ಚ್‌ನಿಂದ ನವೆಂಬರ್‌ವರೆಗೆ ನಡೆದು ಸೌಮ್ಯವಾಗಿಯೇ ಮುಗಿಯಿತು. ಆ ಷೇರುಗಳು ಬಹುಪಾಲು ಶ್ರೀಮಂತರಲ್ಲಿದ್ದವು, ಅವರ ಮೇಲೆ ಸಾಲದ ಹೊರೆ ಕಡಿಮೆಯಿತ್ತು. ಆತಿಫ್ ಮಿಯಾನ್ ಮತ್ತು ಅಮೀರ್ ಸೂಫಿ ಎಂಬ ಅರ್ಥಶಾಸ್ತ್ರಜ್ಞರು 2014ರ ‘ಹೌಸ್ ಆಫ್ ಡೆಟ್’ ಗ್ರಂಥದಲ್ಲಿ ಈ ಹೋಲಿಕೆಯನ್ನು ವಿವರವಾಗಿ ಚರ್ಚಿಸಿದ್ದಾರೆ.

ಹಾಗೆಂದು ಪ್ರತಿಯೊಂದು ಹಿಂಜರಿತದ ಹಿಂದೆಯೂ ಕುಟುಂಬಗಳ ಸಾಲವಿದೆಯೆಂದು ತೀರ್ಮಾನಿಸುವುದು ಅಷ್ಟೇ ತಪ್ಪು. 1981-82ರ ಹಿಂಜರಿತಕ್ಕೆ ಮುಖ್ಯ ಕಾರಣ, ಹಣದುಬ್ಬರ ತಗ್ಗಿಸಲು ಪಾಲ್ ವೋಲ್ಕರ್ ಅಧ್ಯಕ್ಷತೆಯ ಫೆಡರಲ್ ರಿಸರ್ವ್ ವಿಧಿಸಿದ ದುಬಾರಿ ಬಡ್ಡಿ. 2008ರ ಬ್ಯಾಂಕ್ ಬಿಕ್ಕಟ್ಟು ಸಹ ಸಣ್ಣ ಕಾರಣವೇನಲ್ಲ. ಉದ್ದಿಮೆಗಳಿಗೆ ದುಡಿಯುವ ಬಂಡವಾಳವೇ ದೊರೆಯದಂತಾಯಿತು. ಆದರೆ ಲೇಮನ್ ಬ್ರದರ್ಸ್ ದಿವಾಳಿಯಾದುದು 2008ರ ಸೆಪ್ಟೆಂಬರ್ 15ರಂದು. ಹಿಂಜರಿತ ಆರಂಭವಾದುದು 2007ರ ಡಿಸೆಂಬರ್‌ನಲ್ಲಿ. ಆ ಒಂಬತ್ತು ತಿಂಗಳ ವ್ಯಾಪಾರ ಕುಸಿತವನ್ನು ಲೇಮನ್ ದಿವಾಳಿಯ ಲೆಕ್ಕಕ್ಕೆ ಬರೆಯುವಂತಿಲ್ಲ.