ಮಂಗಳೂರಿಗೆ ಹೊರಟ ಸದಸ್ಯರಿಗೆ ಕೆಲವು ಮಾತು

ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ ಮಂಡಿಗೆ ಮುಟ್ಟಿಸಿದ ಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಮ್ಮ ಸದಸ್ಯ ಬಾಂಧವರಲ್ಲಿ ಹಲವರು ಮಂಗಳೂರಿಗೆ ಹೊರಡುವುದುಂಟು. ಕೆಲವರಿಗೆ ದೇವರ ಹರಕೆ, ಕೆಲವರಿಗೆ ಮಕ್ಕಳ ಕಾಲೇಜು, ಇನ್ನು ಕೆಲವರಿಗೆ ಆಸ್ಪತ್ರೆ. ಅಲ್ಲಿ ನಮ್ಮವರು ಪಡುವ ತೊಂದರೆಗೆ ಕಾರಣ ಊರು ದೊಡ್ಡದೆಂಬುದಲ್ಲ; ಸಿದ್ಧತೆಯಿಲ್ಲದೆ ಘಟ್ಟ ಇಳಿಯುವುದು. ಆದ್ದರಿಂದ ನಾವು ಕಂಡುಂಡ ಕೆಲವು ಸಂಗತಿಗಳನ್ನು ಇಲ್ಲಿ ತಿಳಿಸುತ್ತೇವೆ.

ದಾರಿ: ಶಿವಮೊಗ್ಗೆಯಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿಯ ಮೂಲಕ ಹೋಗುವುದು ರೂಢಿಯ ದಾರಿ. ಜಗಳೂರಿನವರು ಮೊದಲು ದಾವಣಗೆರೆಗೆ ಬಂದು ಶಿವಮೊಗ್ಗೆ ಸೇರಬೇಕು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದು ಭಾರಿ ವಾಹನಗಳನ್ನು ತಡೆಯುವುದುಂಟು. ಆಗ ತೀರ್ಥಹಳ್ಳಿಯಿಂದ ಮಾಸ್ತಿಕಟ್ಟೆ, ಹುಲಿಕಲ್ ಘಾಟಿಯ ಮೂಲಕ ಕುಂದಾಪುರಕ್ಕೆ ಇಳಿಯಬಹುದು. ಹೊರಡುವ ಹಿಂದಿನ ದಿನ ದಾರಿ ತೆರೆದಿದೆಯೇ ಎಂದು ಬಸ್ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಿ. ಒಂದೇ ದಿನದಲ್ಲಿ ಹೋಗಿ ಬರುವ ಹಠ ಬೇಡ.

ಇಳಿದ ಮೇಲೆ: ಕೆಎಸ್ಸಾರ್ಟಿಸಿ ನಿಲ್ದಾಣ ಬಿಜೈಯಲ್ಲಿದೆ. ಸಿಟಿ ಬಸ್ಸುಗಳು ಸೇರುವ ಜಾಗಕ್ಕೆ 'ಸ್ಟೇಟ್ ಬ್ಯಾಂಕ್' ಎಂದೇ ಹೆಸರು. ಅದನ್ನು ಬ್ಯಾಂಕು ಎಂದು ತಿಳಿದು ತಬ್ಬಿಬ್ಬಾಗಬೇಡಿ. ಅಲ್ಲಿನವರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಆದರೆ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ. ಊಟದಲ್ಲಿ ಕುಚ್ಚಲಕ್ಕಿ ಅನ್ನ ಸಾಮಾನ್ಯ. ಒಗ್ಗದವರು 'ಬೆಳ್ತಿಗೆ ಅನ್ನ' ಎಂದು ಕೇಳಿ. ಒಣ ಹವೆಗೆ ಒಗ್ಗಿದ ನಮಗೆ ಅಲ್ಲಿನ ಸೆಕೆಗೆ ಬೆವರು ನಿಲ್ಲದು. ವಯಸ್ಸಾದವರಿಗೆ ಆಗಾಗ ನೀರು ಕೊಡಿ.

ಆಸ್ಪತ್ರೆ: ಇದು ಮುಖ್ಯ. ಹಂಪನಕಟ್ಟೆಯ ವೆನ್ಲಾಕ್ ಸರ್ಕಾರಿ ಆಸ್ಪತ್ರೆ. ಹೆರಿಗೆಗೆ ಲೇಡಿ ಗೋಷನ್ ಇದೆ. ಖಾಸಗಿ ಆಸ್ಪತ್ರೆಗಳು ಹಲವು. ಕೆಲವು ವರ್ಷಗಳ ಹಿಂದೆ ನಾವು ನಮ್ಮ ಮನೆಯ ಹಿರಿಯರೊಬ್ಬರನ್ನು ಕರೆದೊಯ್ದಾಗ ಹಳೆಯ ವರದಿಗಳನ್ನೂ ಇಲ್ಲಿನ ವೈದ್ಯರ ಶಿಫಾರಸು ಪತ್ರವನ್ನೂ ಮನೆಯಲ್ಲೇ ಬಿಟ್ಟಿದ್ದೆವು. ಕಾಗದ ತರಿಸುವಷ್ಟರಲ್ಲಿ ಒಂದು ದಿನ ಹೋಯಿತು. ಆ ರಾತ್ರಿ ಹಿರಿಯರ ಎದೆನೋವು ಹೆಚ್ಚಿ ನಾವು ಕಣ್ಣು ಮುಚ್ಚಲಿಲ್ಲ. ಪುಣ್ಯಕ್ಕೆ ಅವರು ಉಳಿದರು. ತಪ್ಪು ನಮ್ಮದೇ.

ಸಹಕಾರಿ ಸದಸ್ಯರಿಗಾಗಿ ಇರುವ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022–23ರಲ್ಲಿ ಮರಳಿ ಜಾರಿಗೆ ಬಂತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ. ಆದ್ದರಿಂದ ಹೊರಡುವ ಮೊದಲು ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ಕೇಳಿ; ಕಾರ್ಡು, ಆಧಾರ್, ವರದಿಗಳನ್ನು ಒಂದೇ ಚೀಲದಲ್ಲಿಡಿ. ನೋಂದಣಿಗೆ ಗಡುವು ಇರುತ್ತದೆ. ಕಾಯಿಲೆ ಬಂದ ಮೇಲೆ ಸಂಘದ ಬಾಗಿಲಿಗೆ ಓಡಿಬಂದರೆ ನಾವು ಏನೂ ಮಾಡಲಾರೆವು. ನಿಲ್ದಾಣದಲ್ಲಿ 'ಒಳ್ಳೆಯ ಡಾಕ್ಟರು, ಅಗ್ಗದ ರೂಮು' ಎಂದು ಹಿಂದೆ ಬೀಳುವವರನ್ನು ನಂಬಬೇಡಿ.

ಅಡಿಕೆ: 1973ರಲ್ಲಿ ಹುಟ್ಟಿದ ಕ್ಯಾಂಪ್ಕೋದ ಕೇಂದ್ರ ಕಚೇರಿ ಮಂಗಳೂರಿನಲ್ಲಿದೆ. ಅಲ್ಲಿನ ಧಾರಣೆ ಕೇಳಿ ಮನಸ್ಸು ಕೆಡಿಸಿಕೊಳ್ಳಬೇಡಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ತಿಂಗಳಿಗೂ ಮೇಲೆ ಬಿಸಿಲಿಗೆ ಒಣಗಿಸಿ ಸುಲಿದದ್ದು ಅವರ ಚಾಲಿ. ನಮ್ಮದು ಹಸಿಯಲ್ಲೇ ಸುಲಿದು, ಬೇಯಿಸಿದ ಕೆಂಪಡಿಕೆ. ಎರಡರ ದರವನ್ನು ಹೋಲಿಸಬಾರದು.

ಸಮುದ್ರ: ಬಿಡುವಿದ್ದರೆ ಕದ್ರಿಗೂ, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿಗೂ ಹೋಗಿ ಬನ್ನಿ. ಸಂಜೆ ಪಣಂಬೂರಿನಲ್ಲಿ ಕಡಲು ನೋಡಿ; ನೋಡಿದರೆ ಸಾಕು. ಕೆರೆ, ಕಾಲುವೆಯಲ್ಲಿ ಈಜಿದ ನಮ್ಮ ಹುಡುಗರಿಗೆ ಅಲೆಯ ಸೆಳೆತ ತಿಳಿಯದು. ಮಳೆಗಾಲದಲ್ಲಂತೂ ನೀರಿಗೆ ಇಳಿಯಲೇಬಾರದು.

ಹೋದ ಕೆಲಸ ಮುಗಿಸಿ ಎಲ್ಲರೂ ಕ್ಷೇಮವಾಗಿ ಘಟ್ಟ ಹತ್ತಿ ಬರಬೇಕೆಂಬುದಷ್ಟೇ ನಮ್ಮ ಆಶಯ. ಯಶಸ್ವಿನಿ ಕಾರ್ಡು ಮಾಡಿಸದವರು ಮುಂದಿನ ನೋಂದಣಿಯ ಹೊತ್ತಿಗೆ ತಪ್ಪದೆ ಸಂಘದ ಕಚೇರಿಗೆ ಬನ್ನಿ.