ಆವೇಶಕ್ಕೂ ಒಂದು ಮಿತಿ

ಬರಿದಾದ ಬ್ಯಾಟರಿಗೆ ಮತ್ತೆ ವಿದ್ಯುತ್ತು ತುಂಬಿ ಬಳಸುವುದು ನಮ್ಮ ಜನರಿಗೆ ಹೊಸತಲ್ಲ. ವಿದ್ಯುತ್ತು ಬಾರದ ಊರುಗಳವರು ರೇಡಿಯೋ ಕೇಳಬೇಕೆಂದು ಸೀಸ ಮತ್ತು ಗಂಧಕಾಮ್ಲದ ಭಾರವಾದ ಬ್ಯಾಟರಿಯನ್ನು ಪೇಟೆಗೆ ಹೊತ್ತು ತಂದು, ಚಾರ್ಜ್ ಮಾಡಿಸಿಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಆ ಬ್ಯಾಟರಿಗೆ ತಕ್ಕಮಟ್ಟಿನ ಸೈರಣೆಯಿತ್ತು. ಚಾರ್ಜು ಹೆಚ್ಚಾದರೆ ಗುಳ್ಳೆಯೆಬ್ಬಿಸಿ ಎಚ್ಚರಿಸುತ್ತಿತ್ತು. ಕುಂದಿದಷ್ಟು ಬಟ್ಟಿಯಿಳಿಸಿದ ನೀರನ್ನು ಹೊಯ್ದರೆ ಸುಧಾರಿಸಿಕೊಳ್ಳುತ್ತಿತ್ತು. ಇಂದು ಮನೆಮನೆಯನ್ನೂ ಹೊಕ್ಕಿರುವ ಲಿಥಿಯಂ ಅಯಾನ್ ಕೋಶಕ್ಕೆ ಆ ಸೈರಣೆಯಿಲ್ಲ.

೧೯೯೧ರಲ್ಲಿ ಜಪಾನಿನ ಸೋನಿ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದಿತು. ಇದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇದರ ಬಗೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ೧೮೬೫೦ ಎಂಬ ಸಂಖ್ಯೆಯ ಉರುಟು ಕೋಶ. ೧೮ ಮಿಲಿಮೀಟರ್ ವ್ಯಾಸ, ೬೫ ಮಿಲಿಮೀಟರ್ ಉದ್ದ ಎಂಬುದೇ ಆ ಸಂಖ್ಯೆಯ ಅರ್ಥ. ಟಾರ್ಚು, ಪವರ್ ಬ್ಯಾಂಕುಗಳಲ್ಲಿ ಇರುವಂತೆಯೇ, ಪರದೇಶಗಳಲ್ಲಿ ಸೇದುವ ವೇಪ್ ಎಂಬ ವಿದ್ಯುತ್ ಸಿಗರೇಟುಗಳಲ್ಲಿಯೂ ಇದೇ ಉಂಟು. ಅಮೆರಿಕದ ಅಗ್ನಿಶಾಮಕ ಆಡಳಿತವು ೨೦೦೯ರಿಂದ ೨೦೧೬ರವರೆಗೆ ಪತ್ರಿಕೆಗಳಲ್ಲಿ ವರದಿಯಾದ ಇಂಥ ಸಾಧನಗಳ ಬೆಂಕಿ ಮತ್ತು ಸ್ಫೋಟಗಳನ್ನು ಎಣಿಸಿತು: ಒಟ್ಟು ೧೯೫. ಅವುಗಳಲ್ಲಿ ೪೮ ನಡೆದದ್ದು ಚಾರ್ಜ್ ಮಾಡುತ್ತಿದ್ದಾಗ; ೬೧ ನಡೆದದ್ದು ಸಾಧನವಾಗಲಿ ಬಿಡಿ ಕೋಶವಾಗಲಿ ಜೇಬಿನಲ್ಲಿದ್ದಾಗ. ನಮ್ಮ ದೇಶದಲ್ಲಿ ೨೦೧೯ರ ಕಾಯಿದೆ ಈ ಸಿಗರೇಟುಗಳ ತಯಾರಿಕೆ, ಆಮದು, ಮಾರಾಟಗಳನ್ನು ನಿಷೇಧಿಸಿದೆ. ಆದರೆ ಅದರೊಳಗಿನ ಕೋಶ ನಮ್ಮ ಟಾರ್ಚಿನಲ್ಲಿಯೇ ಕುಳಿತಿರುವುದರಿಂದ, ಅಲ್ಲಿಯ ಪಾಠ ನಮಗೂ ಸಲ್ಲತಕ್ಕದ್ದು.

ವಿಜ್ಞಾನದ ಪುಸ್ತಕಗಳು ಚಾರ್ಜನ್ನು ಕನ್ನಡದಲ್ಲಿ ‘ಆವೇಶ’ ಎನ್ನುತ್ತವೆ. ಪದ ಇಲ್ಲಿ ಬಹಳ ಚೆನ್ನಾಗಿ ಒಪ್ಪುತ್ತದೆ. ಮೈಮೇಲೆ ಬಂದದ್ದು ಮಿತಿಮೀರಿದರೆ ಏನಾಗುವುದೆಂದು ನಮಗೆ ತಿಳಿಯದೆ? ಸಾಮಾನ್ಯವಾದ ಕೋಶದ ಮೇಲೆ ೩.೬ ಅಥವಾ ೩.೭ ವೋಲ್ಟ್ ಎಂದು ಬರೆದಿರುತ್ತದೆ. ಪೂರ್ತಿ ತುಂಬಿದಾಗ ಅದು ೪.೨ ವೋಲ್ಟ್. ಇದೇ ಗೆರೆ. ಇದನ್ನು ದಾಟಿಸಿದರೆ ಒಳಗಿನ ವಸ್ತುಗಳು ಒಡೆದು ಕಾವು ಹುಟ್ಟುತ್ತದೆ. ಧನ ಋಣಗಳನ್ನು ಬೇರೆಯಾಗಿಟ್ಟಿರುವ ತೆಳು ಪೊರೆ ಕರಗಿದರೆ ಅವೆರಡೂ ಕೂಡಿಬಿಡುತ್ತವೆ. ಒಳಗಿನ ದ್ರವವು ಹೊತ್ತಿಕೊಳ್ಳುವಂಥದು. ಕಾವು ಕಾವನ್ನು ಹೆಚ್ಚಿಸುತ್ತ ಹೋಗುವುದರಿಂದ, ಒಮ್ಮೆ ಮೊದಲಾದರೆ ತಡೆಯುವುದು ಕಷ್ಟ.

ಒಳ್ಳೆಯ ಚಾರ್ಜರು ನಲ್ಲಿಯಲ್ಲಿ ಕೊಡ ತುಂಬುವ ಗೃಹಿಣಿಯಂತೆ. ಆಕೆ ಮೊದಲು ನಲ್ಲಿಯನ್ನು ಚೆನ್ನಾಗಿ ತಿರುಗಿಸಿ, ಕಂಠಕ್ಕೆ ಬರುತ್ತಲೇ ಸಣ್ಣಗೆ ಮಾಡಿ, ತುಂಬಿದೊಡನೆ ನಿಲ್ಲಿಸುತ್ತಾಳೆ. ಚಾರ್ಜರೂ ಮೊದಲು ಒಂದೇ ಪ್ರಮಾಣದಲ್ಲಿ ವಿದ್ಯುತ್ತು ಹರಿಸಿ, ೪.೨ ವೋಲ್ಟ್ ಬಂದಮೇಲೆ ಪ್ರವಾಹವನ್ನು ಇಳಿಸುತ್ತ ಬಂದು, ಕೊನೆಗೆ ನಿಲ್ಲಿಸುತ್ತದೆ. ಬೇರೆ ಜಾತಿಯ ಬ್ಯಾಟರಿಯ ಚಾರ್ಜರಿಗೆ ಈ ಗೆರೆ ತಿಳಿಯದು. ಆದುದರಿಂದ ಲಿಥಿಯಂ ಕೋಶಕ್ಕೆಂದೇ ಮಾಡಿದ ಚಾರ್ಜರನ್ನೇ ಬಳಸಿರಿ. ಅವಸರವೂ ಬೇಡ. ೨೫೦೦ ಮಿಲಿ ಆಂಪಿಯರ್ ಗಂಟೆಯ ಕೋಶಕ್ಕೆ ಅದರ ಅರ್ಧ, ಎಂದರೆ ೧.೨೫ ಆಂಪಿಯರ್ ಪ್ರವಾಹ ಹಿತವಾದದ್ದು. ತಯಾರಕರು ಹೇಳಿದ ಮಿತಿಯನ್ನಂತೂ ಮೀರಬಾರದು.

ಉಳಿದ ನಿಯಮಗಳು ಕೆಲವೇ. ಹಾಸಿಗೆ ದಿಂಬುಗಳ ಮೇಲೆ, ಬಿಸಿಲು ಬೀಳುವ ಕಿಟಕಿಯಲ್ಲಿ ಚಾರ್ಜಿಗೆ ಇಡಬೇಡಿ. ಕಲ್ಲು ಹಾಸಿನ ಮೇಲಿಡಿ. ಎಲ್ಲರೂ ಮಲಗಿರುವಾಗ, ಮನೆಗೆ ಬೀಗ ಹಾಕಿ ಹೋಗುವಾಗ ಚಾರ್ಜು ಬೇಡ. ಕೋಶದ ಲೋಹದ ಮೈಯೆಲ್ಲ ಋಣವೇ. ಮೇಲಿನ ಧನದಿಂದ ಅದನ್ನು ಮರೆಮಾಡಿರುವುದು ತೆಳುವಾದ ಹೊದಿಕೆ. ಅದು ಹರಿದಿದ್ದರೆ ಚಾರ್ಜ್ ಮಾಡಕೂಡದು. ಬಿಡಿ ಕೋಶವನ್ನು ಚಿಲ್ಲರೆ ಕಾಸು, ಬೀಗದ ಕೈಗಳೊಡನೆ ಜೇಬಿಗೆ ಹಾಕಬಾರದು, ಪ್ಲಾಸ್ಟಿಕ್ ಡಬ್ಬಿಯಲ್ಲಿಡಬೇಕು. ಪೂರ್ತಿ ಬರಿದು ಮಾಡಿಯೇ ತುಂಬಬೇಕೆಂಬುದು ಹಳೆಯ ನಿಕ್ಕಲ್ ಬ್ಯಾಟರಿಗಳ ಕಾಲದ ಮಾತು. ಲಿಥಿಯಂ ಕೋಶಕ್ಕೆ ಅದರಿಂದ ಕೇಡೇ ಹೆಚ್ಚು.

ಉಬ್ಬಿದ, ಜಜ್ಜಿದ, ಸೋರುವ, ಕೈಯಿಡಲಾಗದಷ್ಟು ಬಿಸಿಯೇರುವ ಕೋಶದ ಆಯುಸ್ಸು ಮುಗಿಯಿತೆಂದು ತಿಳಿಯಿರಿ. ಅದು ತಣ್ಣಗಿರುವಾಗ ತುದಿಗಳಿಗೆ ಟೇಪು ಅಂಟಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿರಿ. ಕಸದ ಬುಟ್ಟಿಗೆ ಹಾಕಬೇಡಿ. ಹೊಗೆಯೋ ಬುಸುಗುಟ್ಟುವ ಸದ್ದೋ ಬಂದರೆ ಕೈಯಿಂದ ಮುಟ್ಟಬೇಡಿ. ಆ ಹೊಗೆ ವಿಷಮಯ. ಸಾಧ್ಯವಾದರೆ ಮೇನ್ ಸ್ವಿಚ್ಚು ಆರಿಸಿ, ಮಕ್ಕಳನ್ನೂ ಮುದುಕರನ್ನೂ ಹೊರಗೆ ಕಳುಹಿಸಿ, ೧೦೧ ಅಥವಾ ೧೧೨ಕ್ಕೆ ಫೋನ್ ಮಾಡಿರಿ.

ಬೆರಳುದ್ದದ ವಸ್ತುವಿಗೆ ಇಷ್ಟು ಉಪಚಾರವೇ ಎನ್ನಬಹುದು. ಒಲೆಯ ಬೆಂಕಿಯನ್ನು ಕಾಯುವುದನ್ನು ನಮ್ಮ ಮನೆಗಳು ತಲೆತಲಾಂತರದಿಂದ ಬಲ್ಲವು. ಈ ಕೋಶದೊಳಗಿನ ಬೆಂಕಿ ಕಣ್ಣಿಗೆ ಕಾಣದು. ಅದಕ್ಕೇ ಅದನ್ನು ಇನ್ನಷ್ಟು ಗಮನವಿಟ್ಟು ಕಾಯಬೇಕು.