ಡಿಜಿಟಲ್ ಟೆಲಿವಿಷನ್: ಸಂಕೇತದ ಸ್ವರೂಪ ಮತ್ತು ಚಪ್ಪಟೆ ಪರದೆಯ ಸುರಕ್ಷಿತ ಸ್ಥಾಪನೆ

ಕರ್ನಾಟಕದ ಹಳ್ಳಿಗಳಿಗೆ ಟೆಲಿವಿಷನ್ ಪರಿಚಯವಾದದ್ದು 1975-76ರ ಉಪಗ್ರಹ ಬೋಧನಾ ಪ್ರಯೋಗದ ಮೂಲಕ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಒಳಗೊಂಡಿದ್ದ ಆ ಪ್ರಯೋಗದಲ್ಲಿ ಅಂದಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. 2011ರ ತಿದ್ದುಪಡಿ ಕಾಯ್ದೆಯನ್ವಯ ಕೇಬಲ್ ಪ್ರಸಾರವು ಹಂತಹಂತವಾಗಿ ಡಿಜಿಟಲ್ ಆಯಿತು. ಬೆಂಗಳೂರು ಮತ್ತು ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವು ವಿಧಿಸಲಾಗಿತ್ತು. ಇದೇ ಅವಧಿಯಲ್ಲಿ ಮನೆಯೊಳಗಿನ ಗಾಜಿನ ಕೊಳವೆಯ ಪೆಟ್ಟಿಗೆಯೂ ಚಪ್ಪಟೆ ಪರದೆಗೆ ಎಡೆಮಾಡಿಕೊಟ್ಟಿತು. ಈ ಎರಡು ಬದಲಾವಣೆಗಳ ತಾಂತ್ರಿಕ ಸ್ವರೂಪವನ್ನೂ ಅವು ಬಳಕೆದಾರರಿಂದ ಬೇಡುವ ಎಚ್ಚರವನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಅನಲಾಗ್ ಪದ್ಧತಿಯಲ್ಲಿ ಚಿತ್ರದ ಬೆಳಕಿನ ಏರಿಳಿತವನ್ನು ವಿದ್ಯುತ್ ಅಲೆಯ ಏರಿಳಿತವೇ ಅನುಸರಿಸುತ್ತದೆ. ಡಿಜಿಟಲ್ ಪದ್ಧತಿಯಲ್ಲಾದರೋ ಚಿತ್ರವನ್ನು ಬಿಂದುಗಳಾಗಿ ವಿಭಜಿಸಿ, ಪ್ರತಿ ಬಿಂದುವಿನ ಬೆಳಕು ಮತ್ತು ಬಣ್ಣಗಳನ್ನು ಸಂಖ್ಯೆಗಳಾಗಿ ಪರಿವರ್ತಿಸಲಾಗುತ್ತದೆ. ಪೂರ್ಣ ಹೈ ಡೆಫಿನಿಷನ್ ಚಿತ್ರವೊಂದರಲ್ಲಿ 1920 x 1080, ಅಂದರೆ 20,73,600 ಬಿಂದುಗಳಿರುತ್ತವೆ. ಬಿಂದುವೊಂದಕ್ಕೆ 24 ಬಿಟ್‌ಗಳಂತೆ ಸೆಕೆಂಡಿಗೆ 25 ಚಿತ್ರಗಳನ್ನು ಕಳುಹಿಸುವುದಾದರೆ ಪ್ರತಿ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್‌ಗಳು ಬೇಕಾಗುತ್ತವೆ. ಇಷ್ಟು ದೊಡ್ಡ ಪ್ರವಾಹವನ್ನು ಒಂದೊಂದು ವಾಹಿನಿಗೂ ಒದಗಿಸುವುದು ಕಾರ್ಯಸಾಧ್ಯವಲ್ಲ. ಆದ್ದರಿಂದ ದತ್ತಾಂಶವನ್ನು ಸಂಕೋಚಿಸುವುದು ಅನಿವಾರ್ಯ.

ಈ ಸಂಕೋಚನಕ್ಕೆ ತಳಹದಿಯಾದ ಗಣಿತದೊಂದಿಗೆ ಕನ್ನಡ ನಾಡಿಗೆ ನೇರ ಸಂಬಂಧವಿದೆ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಇಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹಮದ್ ಅವರು, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ವಿಧಾನವನ್ನು ಪ್ರಕಟಿಸಿದರು. ಇದನ್ನು ಅಳವಡಿಸಿಕೊಂಡ ಎಂಪೆಗ್-2 ಪದ್ಧತಿಯು ಚಿತ್ರವನ್ನು ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಚೌಕಗಳಾಗಿ ವಿಂಗಡಿಸಿ, ಸ್ಥೂಲ ಛಾಯೆಯನ್ನು ಸೂಕ್ಷ್ಮ ವಿವರಗಳಿಂದ ಬೇರ್ಪಡಿಸುತ್ತದೆ. ಕಣ್ಣು ಅಷ್ಟಾಗಿ ಗುರುತಿಸದ ಸೂಕ್ಷ್ಮ ವಿವರಗಳನ್ನು ಕಡಿಮೆ ಬಿಟ್‌ಗಳಲ್ಲಿ ದಾಖಲಿಸಿ, ಹಿಂದಿನ ಚಿತ್ರಕ್ಕಿಂತ ಬದಲಾದ ಭಾಗವನ್ನು ಮಾತ್ರ ಕಳುಹಿಸುವುದರಿಂದ ಪ್ರವಾಹವು ನೂರರಲ್ಲೊಂದು ಪಾಲಿನಷ್ಟಕ್ಕೆ ಇಳಿಯಬಲ್ಲದು.

ಸಂಕೇತ ಕ್ಷೀಣಿಸಿದಂತೆಲ್ಲ ಅನಲಾಗ್ ಚಿತ್ರವು ಕ್ರಮೇಣ ಕೆಡುತ್ತಿತ್ತು. ಬಿಳಿ ಚುಕ್ಕೆಗಳೂ ಜೋಡಿ ನೆರಳುಗಳೂ ಮುನ್ಸೂಚನೆ ನೀಡುತ್ತಿದ್ದವು. ಡಿಜಿಟಲ್ ಚಿತ್ರ ಹಾಗಲ್ಲ. ದೋಷ ತಿದ್ದುವ ಹೆಚ್ಚುವರಿ ಬಿಟ್‌ಗಳ ನೆರವಿನಿಂದ ಅದು ಒಂದು ಮಿತಿಯವರೆಗೆ ನಿರ್ದೋಷವಾಗಿರುತ್ತದೆ. ಮಿತಿ ಮೀರಿದೊಡನೆ ಚೌಕಚೌಕವಾಗಿ ಒಡೆದು ಸ್ತಬ್ಧವಾಗುತ್ತದೆ. ಆದಕಾರಣ ಡಿಶ್ ಅಳವಡಿಸುವಾಗ ಚಿತ್ರ ಮೂಡಿದ ಮಾತ್ರಕ್ಕೆ ತೃಪ್ತಿಪಡದೆ, ಸೆಟ್ ಟಾಪ್ ಬಾಕ್ಸ್ ತೋರಿಸುವ ಸಂಕೇತದ ಗುಣಮಟ್ಟವು ಗರಿಷ್ಠವಾಗುವವರೆಗೆ ಅದನ್ನು ಹೊಂದಿಸಬೇಕು. ಶುಭ್ರ ಆಕಾಶದ ದಿನ ಗಳಿಸಿದ ಈ ಉಳಿಕೆಯೇ ಮಳೆಗಾಲದಲ್ಲಿ ಚಿತ್ರವನ್ನು ಕಾಪಾಡುತ್ತದೆ.

ಪರದೆಯ ಸ್ಥಿರತೆಗೂ ಇದೇ ಮಾತು ಅನ್ವಯಿಸುತ್ತದೆ. ಚಪ್ಪಟೆ ಟಿ.ವಿ. ಹಗುರವಾದರೂ ಎತ್ತರ, ಮತ್ತು ಅದರ ಪೀಠ ಕಿರಿದು. ಗುರುತ್ವಕೇಂದ್ರವು ಪೀಠದಿಂದ 40 ಸೆಂ.ಮೀ. ಎತ್ತರದಲ್ಲಿದ್ದು, ಅದರ ನೇರಕ್ಕೆ ಪೀಠವು ಮುಂದಕ್ಕೆ 10 ಸೆಂ.ಮೀ. ಮಾತ್ರ ಚಾಚಿದೆಯೆಂದು ಭಾವಿಸೋಣ. ಸುಮಾರು 14 ಡಿಗ್ರಿ ಬಾಗಿದೊಡನೆ ಗುರುತ್ವರೇಖೆಯು ಪೀಠದ ಅಂಚನ್ನು ದಾಟುತ್ತದೆ; ಆ ಬಳಿಕ ಟಿ.ವಿ. ತನ್ನ ಭಾರದಿಂದಲೇ ಉರುಳುತ್ತದೆ. ಅಂಚನ್ನು ಹಿಡಿದು ನಿಲ್ಲಲು ಯತ್ನಿಸುವ ಅಥವಾ ಮೇಲಿಟ್ಟ ಆಟಿಕೆಗಾಗಿ ಷೋಕೇಸಿನ ಖಾನೆಗಳನ್ನು ಹತ್ತುವ ಮಗುವಿಗೆ ಇದು ಪ್ರಾಣಾಂತಿಕವಾಗಬಲ್ಲದು. ಆದ್ದರಿಂದ ಟಿ.ವಿ.ಯನ್ನು ತಗ್ಗಾದ, ಅಗಲವಾದ ಮೇಜಿನ ಮೇಲಿರಿಸಿ, ಅದನ್ನೂ ಮೇಜನ್ನೂ ಗೋಡೆಗೆ ಪಟ್ಟಿಗಳಿಂದ ಬಿಗಿಯಬೇಕು. ಮಕ್ಕಳನ್ನು ಸೆಳೆಯುವ ಯಾವ ವಸ್ತುವನ್ನೂ ಅದರ ಮೇಲಿಡಬಾರದು.

ಗೋಡೆಗೆ ತೂಗುಹಾಕುವುದಾದರೆ ಟಿ.ವಿ.ಯ ಬೆನ್ನಿನಲ್ಲಿರುವ ನಾಲ್ಕು ರಂಧ್ರಗಳ ಅಂತರಕ್ಕೂ ಅದರ ತೂಕಕ್ಕೂ ಹೊಂದುವ ಚೌಕಟ್ಟನ್ನೇ ಆರಿಸಬೇಕು. ಬೋಲ್ಟು ಗಾರೆಯ ಪದರದಲ್ಲಿ ಮಾತ್ರ ನಿಂತರೆ ಭಾರ ತಾಳದು. ಅದು ಇಟ್ಟಿಗೆ ಅಥವಾ ಕಾಂಕ್ರೀಟಿನೊಳಗೆ ಭದ್ರವಾಗಿ ಕಚ್ಚಿಕೊಳ್ಳಬೇಕು. ಮಣ್ಣಿನ ಗೋಡೆಗೂ ಟೊಳ್ಳಾದ ತೆಳು ವಿಭಜಕ ಗೋಡೆಗೂ ನೇರವಾಗಿ ತೂಗುಹಾಕುವುದು ಸಲ್ಲದು. ರಂಧ್ರ ಕೊರೆಯುವ ಮುನ್ನ ಒಳಗೆ ವಿದ್ಯುತ್ ತಂತಿಗಳು ಸಾಗಿರುವ ಜಾಡನ್ನು ಖಚಿತಪಡಿಸಿಕೊಳ್ಳಬೇಕು. ದೊಡ್ಡ ಪರದೆಯನ್ನು ಇಬ್ಬರು ಸೇರಿ, ಗಾಜಿನ ಮೇಲೆ ಒತ್ತಡ ಬೀಳದಂತೆ ನೆಟ್ಟಗೆ ಎತ್ತಬೇಕು. ಗಾಳಿಯಾಡುವ ಕಿಂಡಿಗಳನ್ನು ಮುಚ್ಚದಿರುವುದೂ ಮೂರು ಪಿನ್ನಿನ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಒದಗಿಸುವುದೂ ಅವಶ್ಯಕ. ಗುಡುಗು ಮಿಂಚಿನ ಮುನ್ಸೂಚನೆ ಕಂಡಾಗ, ಮಳೆ ಆರಂಭವಾಗುವ ಮೊದಲೇ, ವಿದ್ಯುತ್ ಪ್ಲಗ್ಗನ್ನೂ ಡಿಶ್ಶಿನಿಂದ ಬರುವ ತಂತಿಯನ್ನೂ ಬೇರ್ಪಡಿಸಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು, ಏಕೆಂದರೆ ಮಿಂಚಿನ ಆಘಾತವು ತಂತಿಯ ಮೂಲಕವೂ ಒಳಬರುತ್ತದೆ.

ಹಳೆಯ ಟಿ.ವಿ.ಯು ತನ್ನ ಸಂಕೇತದ ದೋಷವನ್ನು ನಿಧಾನವಾಗಿ ಹೇಳಿಕೊಳ್ಳುತ್ತಿತ್ತು. ತನ್ನ ಭಾರದಿಂದ ತಾನೇ ಕುಳಿತಿರುವಂತೆ ಕಾಣುತ್ತಿತ್ತು. ಹೊಸದರಲ್ಲಿ ಸಂಕೇತವೂ ಸ್ಥಿರತೆಯೂ ಮಿತಿಯವರೆಗೆ ಸುಸ್ಥಿತಿಯಲ್ಲಿದ್ದಂತೆ ತೋರಿ ಹಠಾತ್ತನೆ ಕೈಕೊಡುತ್ತವೆ. ಆದುದರಿಂದ ಸ್ಥಾಪನೆಯ ದಿನ ವಹಿಸುವ ಎಚ್ಚರವನ್ನು ಈ ತಂತ್ರಜ್ಞಾನದ ತಿಳಿವಳಿಕೆಯ ಭಾಗವೆಂದೇ ಪರಿಗಣಿಸುವುದು ಯುಕ್ತ.